ಮುಖ ಕಾಣದ ಫೋಟೋ

ಮನೆಯಲ್ಲಿ ಫೋಟೋ ಹುಚ್ಚಿನವನೊಬ್ಬನಿದ್ದರೆ ಆ ಮನೆಯವರಿಗೆ ತಮ್ಮದೊಂದು ನೆಟ್ಟಗಿನ ಫೋಟೋ ಸಿಗುವುದಿಲ್ಲ. ಇದನ್ನು ನಾನು ಬೇರೆಯವರ ಮನೆ ನೋಡಿ ಹೇಳುತ್ತಿಲ್ಲ. ಬೀದರಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವುದು ನನ್ನ ಉದ್ಯೋಗ. ಉಳಿದ ಹೊತ್ತಿನಲ್ಲಿ ಫೋಟೋ ತೆಗೆಯುತ್ತೇನೆ. ರೋಲು ಹಾಕುವ ಹಳೆಯ ಕ್ಯಾಮೆರಾ ಒಂದಿದೆ, ಡಿಜಿಟಲ್ ಒಂದಿದೆ. ಎರಡರಲ್ಲೂ ಮನೆಯವರೆಲ್ಲ ಧಾರಾಳವಾಗಿ ಇದ್ದಾರೆ. ಅವ್ವ ಇದ್ದಾಳೆ, ಆದರೆ ಅವಳ ಕೈಯಲ್ಲಿರುವ ಚಹದ ಹಬೆ ಅವಳಿಗಿಂತ ಚೆನ್ನಾಗಿ ಬಂದಿದೆ. ಹೆಂಡತಿ ಶೈಲಜಾ ಇದ್ದಾಳೆ, ಕಿಟಕಿಯ ಸರಳುಗಳ ನೆರಳು ಮುಖದ ಮೇಲೆ ಬಿದ್ದು ಜೈಲಿನಲ್ಲಿರುವವಳಂತೆ ಕಾಣುತ್ತಾಳೆ. ಅದನ್ನು ನೋಡಿ ಅವಳು, "ಖರೇನೇ ಬಂದದ ಬಿಡ್ರಿ" ಎಂದಳು. ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಾದಾಗ ಮಾತ್ರ ನನಗೆ ಹೇಳದೆ ಸ್ಟುಡಿಯೋಕ್ಕೆ ಹೋಗಿ ಬರುತ್ತಾಳೆ.

ರೋಲಿನ ಕ್ಯಾಮೆರಾ ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ ಎಂದು ಗೆಳೆಯರು ಕೇಳುತ್ತಾರೆ. ಅದರ ಬಣ್ಣ, ಅದರ ಆಳ ಎಂದೆಲ್ಲ ಹೇಳುತ್ತೇನೆ. ನಿಜವಾದ ಕಾರಣ ಬೇರೆ. ಡಿಜಿಟಲ್‌ನಲ್ಲಿ ಮನೆಯವರು ತಮ್ಮ ಮುಖವನ್ನು ಅಲ್ಲೇ ನೋಡುತ್ತಾರೆ, ಅಲ್ಲೇ ಜಗಳಕ್ಕೆ ಬರುತ್ತಾರೆ. ರೋಲಾದರೆ ಅದು ತೊಳೆದು ಬರುವ ತನಕ ಸಂಸಾರದಲ್ಲಿ ಶಾಂತಿ ಇರುತ್ತದೆ.

ನನ್ನ ಅಕ್ಕ ಔರಾದಿನಲ್ಲಿದ್ದಾಳೆ. ಭಾವ ತೀರಿಕೊಂಡ ಮೇಲೆ ಅಂಗನವಾಡಿಯ ಕೆಲಸ ಮಾಡುತ್ತಲೇ ಒಬ್ಬಳೇ ಮಗಳು ಸುಜಾತಾಳನ್ನು ಓದಿಸಿ ನರ್ಸ್ ಮಾಡಿದವಳು. ಸುಜಾತಾಳಿಗೆ ವರ ನೋಡಲು ಶುರುಮಾಡಿದಾಗ ಊರಿನ ಸ್ಟುಡಿಯೋದವನು ಅವಳ ಫೋಟೋವನ್ನು ಕಂಪ್ಯೂಟರಿನಲ್ಲಿ ತಿಕ್ಕಿ ತಿಕ್ಕಿ ಹಾಲಿನಂತೆ ಮಾಡಿಕೊಟ್ಟಿದ್ದ. ಅದನ್ನು ನೋಡಿ ಬಂದ ಮನೆತನವೊಂದು ಚಹಾ ಕುಡಿದು, ಎಣ್ಣೆಗಪ್ಪು ಬಣ್ಣದ ನಮ್ಮ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಫೋಟೋದಾಗ ಬ್ಯಾರೇನೇ ಇದ್ದಳಲ್ರಿ" ಎಂದು ಎದ್ದುಹೋಯಿತು. ಅಂದಿನಿಂದ ಸುಜಾತಾ ಫೋಟೋ ಎಂದರೆ ಸಾಕು, ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಹೀಗಿರುವಾಗ ಭಾಲ್ಕಿಯಿಂದ ಒಂದು ಸಂಬಂಧ ಬಂತು. ಹುಡುಗ ಆನಂದ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅಕ್ಕ ನನಗೆ ಫೋನು ಮಾಡಿದಳು. "ನೋಡಪಾ, ಈ ಸಲ ನೀನೇ ತಗಿ. ನಮ್ಮ ಹುಡುಗಿ ಹ್ಯಾಂಗ ಅದಾಳ ಹಂಗೇ ಬರಬೇಕು. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ನನ್ನ ಜೀವಮಾನದಲ್ಲಿ ಮನೆಯವರೊಬ್ಬರು ತಾವಾಗಿ ನನ್ನನ್ನು ಫೋಟೋ ತೆಗೆಯಲು ಕರೆದದ್ದು ಅದೇ ಮೊದಲು. ಗೋಡೆಗೆ ನಿಲ್ಲಿಸಿ ಒಂದು ಫೋಟೋ ತೆಗೆದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಗೋಡೆಗೆ ನಿಲ್ಲಿಸಿ ಯಾರು ಬೇಕಾದರೂ ತೆಗೆಯುತ್ತಾರೆ. ಸುಜಾತಾಳನ್ನು ಬೀದರಿಗೆ ಕರೆಸಿ, ಎರಡೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸಂಜೆ ಕೋಟೆಗೆ ಹೋದೆ. ಗಾಳಿ ಜೋರಾಗಿತ್ತು. ಡಿಜಿಟಲ್‌ನಲ್ಲಿ ತೆಗೆದವುಗಳಲ್ಲಿ ಒಂದರಲ್ಲಿ ಅವಳ ಕಣ್ಣು ಮುಚ್ಚಿತ್ತು, ಒಂದರಲ್ಲಿ ಕೂದಲು ಬಾಯೊಳಗಿತ್ತು, ಉಳಿದವುಗಳಲ್ಲಿ ನನ್ನನ್ನು ಬಯ್ಯುತ್ತಿದ್ದಳು. ಅಷ್ಟರಲ್ಲಿ ಸೂರ್ಯ ಒಂದು ಕಮಾನಿನ ಹಿಂದೆ ಇಳಿದ. ನಾನು ಎಲ್ಲ ಮರೆತು ರೋಲಿನ ಕ್ಯಾಮೆರಾ ಎತ್ತಿಕೊಂಡೆ.

ಎರಡು ದಿನಕ್ಕೊಮ್ಮೆ ಅಕ್ಕನ ಫೋನು. "ಬಂತೇನೋ ಫೋಟೋ?"

"ರೋಲು ಹೈದರಾಬಾದಿಗೆ ಹೋಗ್ಯಾದ ಅಕ್ಕಾ. ತೊಳದು ಬರಬೇಕು."

"ಹುಡುಗ ಭಾಲ್ಕ್ಯಾಗ ಇದ್ದಾನೋ! ಫೋಟೋ ಹೈದರಾಬಾದಿಗ್ಯಾಕ ಹೋಗಿ ಕುಂತದ?"

ಕಡೆಗೂ ಬಂತು. ಹಿಡಿದುಕೊಂಡು ಔರಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೆಗೆದು ತೆಗೆದು ನೋಡಿದೆ. ಕಮಾನಿನ ಒಂದೊಂದು ಕಲ್ಲೂ ಮುಟ್ಟಿದರೆ ಬಿಸಿಯಾಗಿರಬಹುದು ಎನ್ನುವಂತೆ ಬಂದಿತ್ತು. ಅದರ ಕೆಳಗೆ, ಬೆಳಕಿಗೆ ಬೆನ್ನು ಮಾಡಿ, ಸುಜಾತಾ.

ಅಕ್ಕ ಚಾಳೀಸು ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಹುಡುಗಿ ಎಲ್ಲಿ ಅದಾಳೋ?"

ನಾನು ಬೆರಳಿಟ್ಟು ತೋರಿಸಿದೆ.

"ಇದಾ? ನಾ ಕಂಬ ಅಂತ ತಿಳಕೊಂಡಿದ್ದೆ."

ಅವಳ ಕಣ್ಣಲ್ಲಿ ನೀರು ಬಂತು. ಅದು ಕಲೆಯನ್ನು ಕಂಡು ಬಂದದ್ದಲ್ಲ. ಭಾಲ್ಕಿಯವರು ಫೋಟೋ ಕೇಳಿ ಬಹಳ ದಿನವಾಗಿತ್ತು. ಇನ್ನೂ ಕಾಯಿಸಿದರೆ ಬೇರೆ ಕಡೆ ನೋಡುತ್ತಾರೆ ಎಂಬ ಹೆದರಿಕೆ ಅವಳಿಗೆ. ಅಡುಗೆಮನೆಯಿಂದ ಬಂದ ಸುಜಾತಾ ಫೋಟೋ ಕೈಗೆ ತೆಗೆದುಕೊಂಡಳು. ನೋಡಿದಳು. ಆಮೇಲೆ ನಗತೊಡಗಿದಳು.

"ಮಾಮಾ, ಇದನ್ನೇ ಕಳಸ್ರಿ. ಇದರಾಗ ನಾ ಕೆಂಪೋ ಕಪ್ಪೋ ಯಾರಪ್ಪಗೂ ತಿಳ್ಯಾಂಗಿಲ್ಲ. ಬೇಕಾದವ್ರು ಬಂದು ನೋಡ್ಲಿ."

"ಹುಚ್ಚಿ, ಹಿಂಗ ಕಳಸಿದ್ರ ಯಾರು ಬರ್ತಾರ?" ಎಂದಳು ಅಕ್ಕ. ಅಷ್ಟರಲ್ಲಿ ಸುಜಾತಾ ಅದನ್ನು ಮೊಬೈಲಿನಲ್ಲಿ ತೆಗೆದು ತಾನೇ ಭಾಲ್ಕಿಗೆ ಕಳಿಸಿಯಾಗಿತ್ತು.

ಮರುದಿನ ಅಲ್ಲಿಂದ ಹುಡುಗನ ಫೋಟೋ ಬಂತು. ನಾವು ಮೂವರೂ ಮೊಬೈಲಿನ ಮೇಲೆ ಬಗ್ಗಿದೆವು. ಒಂದು ಕಬ್ಬಿನ ಹೊಲ. ಮುಂದೆ ಒಂದು ಗರಿ, ಗರಿಯ ತುದಿಯಲ್ಲಿ ಇಬ್ಬನಿಯ ಹನಿ. ಹನಿಯೊಳಗೆ ಆಕಾಶ ಕೂಡ ಕಾಣುತ್ತಿತ್ತು. ಹಿಂದೆ ಮಂಜು ಮಂಜಾಗಿ ಏನೋ ಒಂದು ನಿಂತಿತ್ತು.

"ಇದು ಹುಡುಗನೋ, ಬೆದರುಗೊಂಬಿಯೋ?" ಎಂದಳು ಅಕ್ಕ.

"ಹನಿ ಎಷ್ಟು ಛಂದ ಹಿಡದಾನ ನೋಡಕ್ಕಾ!" ಎಂದೆ. ಅಕ್ಕ ನನ್ನ ಕಡೆ ನೋಡಿದ ನೋಟವನ್ನು ಯಾವ ಕ್ಯಾಮೆರಾದಲ್ಲೂ ಹಿಡಿಯಲು ಬರುವುದಿಲ್ಲ.

ಮುಂದಿನ ಭಾನುವಾರ ಭಾಲ್ಕಿಯವರು ಔರಾದಿಗೆ ಬಂದರು. ನಾನೂ ಶೈಲಜಾಳೂ ಬೀದರಿನಿಂದ ಬಂದಿದ್ದೆವು. ಹುಡುಗ ಮತ್ತು ಅವನ ತಂದೆತಾಯಿಯ ಜೊತೆ ಅವನ ಕಾಕಾ ಮಾಣಿಕರಾವ್ ಎಂಬ ರೈಲ್ವೆಯ ನಿವೃತ್ತ ನೌಕರರೂ ಇಳಿದರು. ಅವರ ಹೆಗಲಿಗೆ ಕ್ಯಾಮೆರಾ ಇತ್ತು. ಕಬ್ಬಿನ ಹನಿಯ ಕರ್ತೃ ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

"ಆ ಕಮಾನಿನ ಫೋಟೋ ನಿಮ್ಮದೇನ್ರಿ?" ಎಂದು ಅವರು ನನ್ನ ಕೈ ಹಿಡಿದುಕೊಂಡರು. "ಕಲ್ಲು ಹ್ಯಾಂಗ ಎದ್ದು ಬಂದಾವ್ರಿ! ನಾ ಮನ್ಯಾಗ ಎಲ್ಲಾರಿಗೂ ತೋರಿಸಿದೆ. ನಡುವ ಯಾರೋ ನಿಂತಾರ, ಅವರಿಲ್ದಿದ್ರ ಇನ್ನೂ ಪಸಂದ್ ಬರ್ತಿತ್ತು ಅಂದೆ. ಅದೇ ಹುಡುಗಿ ಅಂದ್ರು."

ನನ್ನ ಕಲೆಯನ್ನು ಇಷ್ಟು ಸರಿಯಾಗಿ ಅರಿತವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇಬ್ಬರೂ ಅಂಗಳದ ಬೇವಿನ ಮರದ ಕೆಳಗೆ ಕುಳಿತೆವು. ರೋಲು ಎಲ್ಲಿ ಸಿಗುತ್ತದೆ, ಯಾರು ಚೆನ್ನಾಗಿ ತೊಳೆಯುತ್ತಾರೆ ಎಂಬ ಮಾತು ಶುರುವಾಯಿತು. ಒಳಗೆ ಒಂದು ಹುಡುಗಿಯ ಬಾಳು ನಿರ್ಧಾರವಾಗುತ್ತಿದೆ ಎಂಬುದು ನಡುವೆ ಒಮ್ಮೆ ನೆನಪಾಯಿತು. ಆದರೆ ಮಾಣಿಕರಾವ್ ಆಗ ತಮ್ಮ ಲೆನ್ಸು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದರು.

ಒಳಗೆ ನಡೆದದ್ದನ್ನು ಶೈಲಜಾ ಆಮೇಲೆ ಹೇಳಿದಳು. ಸುಜಾತಾ ಚಹಾ ತಂದಿಟ್ಟು, ಹುಡುಗನ ಎದುರಿಗೇ ಕುಳಿತು ಕೇಳಿದಳಂತೆ: "ಫೋಟೋದಾಗ ಮುಖಾನೇ ಇದ್ದಿದ್ದಿಲ್ಲ. ಯಾಕ ಬಂದ್ರಿ?"

"ಇದ್ದಿದ್ದಿಲ್ಲ ಅಂತೇ ಬಂದೇನ್ರಿ. ಇದ್ದಿದ್ರ ನಮ್ಮವ್ರು ಮನ್ಯಾಗೇ ಕುಂತು ಹೌದು ಅಲ್ಲ ಅಂತಿದ್ರು," ಎಂದನಂತೆ ಆನಂದ. ಆಮೇಲೆ, "ನನ್ನ ಫೋಟೋ ಹ್ಯಾಂಗ ಇತ್ರಿ?" ಎಂದು ಕೇಳಿದನಂತೆ.

"ಕಬ್ಬು ಛಂದ ಇತ್ತು," ಎಂದಳಂತೆ ಇವಳು.

ಅಲ್ಲಿಗೆ ಇಬ್ಬರೂ ನಕ್ಕಿದ್ದಾರೆ. ಅಕ್ಕ ಅಂಗಳಕ್ಕೆ ಬಂದು, "ಏಳ್ರಿ, ಮಾತುಕತಿ ಮುಗೀತು, ಇಬ್ಬರೂ ಒಪ್ಯಾರ" ಎಂದಳು. ನಾವಿಬ್ಬರೂ ಕೂಡಲೇ ಕ್ಯಾಮೆರಾ ಎತ್ತಿಕೊಂಡು, ಬೆಳಕು ಹೋಗುವುದರೊಳಗೆ ಜೋಡಿಯದೊಂದು ತೆಗೆಯೋಣ ಎಂದು ಒಳಗೆ ನುಗ್ಗಿದೆವು. "ಬ್ಯಾಡ್ರಿ" ಎಂದರು ಹುಡುಗ ಹುಡುಗಿ, ಒಟ್ಟಿಗೇ. ಲಗ್ನಕ್ಕೂ ನಾವಿಬ್ಬರೂ ಬರಿಗೈಲಿ ಬರಬೇಕು ಎಂಬುದು ಅವರು ಕೂಡಿ ತೆಗೆದುಕೊಂಡ ಮೊದಲ ತೀರ್ಮಾನ. ಎರಡೂ ಮನೆತನಗಳು ತಕ್ಷಣ ಒಪ್ಪಿದವು.

ಲಗ್ನ ಭಾಲ್ಕಿಯಲ್ಲಾಯಿತು. ನಮ್ಮಲ್ಲಿಯ ರೂಢಿಯಂತೆ ಬುದ್ಧನ ಮೂರ್ತಿಯ ಮುಂದೆ ಇಬ್ಬರೂ ಬಿಳಿ ಬಟ್ಟೆಯಲ್ಲಿ ನಿಂತಿದ್ದರು. ಬಾಡಿಗೆಗೆ ಬಂದ ಫೋಟೋಗ್ರಾಫರ್ ಬಿಳಿ ಗೋಡೆಗೆ ಬಿಳಿ ಬಟ್ಟೆಯವರನ್ನು ನಿಲ್ಲಿಸಿ, ನೇರ ಮುಖಕ್ಕೇ ಫ್ಲ್ಯಾಶ್ ಹೊಡೆದ. ಮಾಣಿಕರಾವ್ ನನ್ನ ಮೊಣಕೈ ಹಿಡಿದುಕೊಂಡರು. ನಾನು ಅವರ ಮೊಣಕೈ ಹಿಡಿದುಕೊಂಡೆ. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಜೊತೆ ಬೇಕು.

ಆಲ್ಬಮ್ ಬಂದ ದಿನ ಅಕ್ಕ ನನ್ನನ್ನೂ ಕರೆಸಿದಳು. ನೆರೆಯ ಹೆಂಗಸರು ಸೇರಿದ್ದರು. ಆಲ್ಬಮಿನಲ್ಲಿ ಎಲ್ಲರ ಮುಖವೂ ಒಂದೂ ಬಿಡದಂತೆ ಕಾಣುತ್ತಿತ್ತು. ಸುಜಾತಾ ತನ್ನ ಬಣ್ಣದಲ್ಲೇ ಇದ್ದಳು, ಹಲ್ಲು ಕಾಣುವಂತೆ ನಗುತ್ತಿದ್ದಳು. ಅಕ್ಕ ಪ್ರತಿ ಪುಟದ ಮೇಲೂ ಕೈಯಾಡಿಸಿ ಮುಂದೆ ಹೋಗುತ್ತಿದ್ದಳು. ನಾನೂ ಬಗ್ಗಿ ನೋಡಿದೆ. ಪ್ರತಿ ಫೋಟೋದಲ್ಲೂ ಜೋಡಿಯ ಹಿಂದೆ ಇಬ್ಬರು ವಯಸ್ಸಾದ ಗಂಡಸರು ನಿಂತಿದ್ದರು. ಒಬ್ಬ ಒಂದು ಕಣ್ಣು ಮುಚ್ಚಿಕೊಂಡಿದ್ದ, ಇನ್ನೊಬ್ಬ ಎಡಕ್ಕೆ ಸರಿ ಎಂದು ಕೈ ಮಾಡುತ್ತಿದ್ದ. ಇಬ್ಬರೂ ನೋಡುತ್ತಿದ್ದದ್ದು ವಧೂವರರನ್ನಲ್ಲ, ಸೀದಾ ಕ್ಯಾಮೆರಾವನ್ನು.

"ಇವರಿಬ್ರು ಯಾರ್ರಿ ಅಕ್ಕೋರ, ಎಲ್ಲಾದ್ರಾಗೂ ಅಡ್ಡ ಬಂದಾರ?" ಎಂದು ಒಬ್ಬ ಹೆಂಗಸು ಕೇಳಿದಳು.

ಅಕ್ಕ ತಲೆಯೆತ್ತದೆ ಪುಟ ತಿರುವಿದಳು. "ಯಾರಿಗ್ಗೊತ್ರಿ. ಫೋಟೋಗ್ರಾಫರನ ಕಡಿಯವ್ರು ಇರಬೇಕು."

ನಾನು ಎದುರಿಗೇ ಕುಳಿತಿದ್ದೆ.