ತಂಗಡಿ ಗಿಡದ ಹುಳಗಳು ಎಲ್ಲಿ ಹೋದವು?

ಮಾಡದ ತಪ್ಪಿಗೆ ಬೈಸಿಕೊಂಡ ಅನುಭವ ನನಗೆ ಬಹಳ ಕಡಿಮೆ. ಈವರೆಗೆ ನನ್ನನ್ನು ಬೈದವರೆಲ್ಲ ಸರಿಯಾದ ಕಾರಣಕ್ಕೇ ಬೈದಿದ್ದಾರೆ, ಮುಖ್ಯವಾಗಿ ನನ್ನ ಹೆಂಡತಿ ಶಾಂತಾ. ಹೀಗಾಗಿ ಹೋದ ತಿಂಗಳು ಮಾಡದ ತಪ್ಪಿಗೆ ಸಿಕ್ಕಿಬೀಳುವ ಪ್ರಸಂಗ ಬಂದಾಗ ಮುಖ ಹೇಗಿಟ್ಟುಕೊಳ್ಳಬೇಕು ಎಂಬುದೇ ನನಗೆ ತಿಳಿಯಲಿಲ್ಲ.

ಗೋಕಾಕದಲ್ಲಿ ನನ್ನದು ಬೆಳೆಗೆ ಹೊಡೆಯುವ ಕೀಟನಾಶಕದ ಅಂಗಡಿ. ನಮ್ಮ ಕಡೆ ರೈತರು ಅದನ್ನು ಎಣ್ಣಿ ಅನ್ನುತ್ತಾರೆ, ಹಾಗಾಗಿ ನಾನು ಎಣ್ಣಿ ಅಂಗಡಿಯ ಸಾಹುಕಾರ. ಅಂಗಡಿಯ ಹಿಂದೆಯೇ ಮನೆ. ಹುಳ ಕೊಂದೇ ಹೊಟ್ಟೆ ಹೊರೆಯುವ ಇಂಥ ಮನೆಯಲ್ಲಿ ಶಾಂತಾಗೆ ಮಾತ್ರ ಜೇನುಹುಳ, ದುಂಬಿ, ಪಾತರಗಿತ್ತಿ ಎಂದರೆ ಪ್ರಾಣ. ಅರಭಾವಿಯಲ್ಲಿ ಹೂತೋಟದ ಒಂದು ದಿನದ ತರಬೇತಿ ಮುಗಿಸಿ ಬಂದ ಮೇಲಂತೂ ಕೇಳುವುದೇ ಬೇಡ. ಎರಡು ವರ್ಷದ ಹಿಂದೆ ಆಕೆಯ ಬಟನ್ ಗುಲಾಬಿಗೆ ಹೇನು ಬಿದ್ದಿತ್ತು. ಉಪಕಾರ ಮಾಡೋಣವೆಂದು, ಗಿಡದ ತುಂಬ ಹೂವಿದ್ದಾಗಲೇ ನಾನು ಎಣ್ಣಿ ಹೊಡೆದೆ. ಮರುದಿನ ಮುಂಜಾನೆ ಸತ್ತ ಜೇನುಹುಳಗಳನ್ನೆಲ್ಲ ಆಕೆ ಮೊರಕ್ಕೆ ಬಳಿದು ತಂದು ನನ್ನ ಚಹಾದ ಕಪ್ಪಿನ ಪಕ್ಕ ಇಟ್ಟಳು. ಬೈಯಲಿಲ್ಲ. ಹದಿನೈದು ದಿನ ಮಾತೂ ಆಡಲಿಲ್ಲ. ಆ ಮೊರ ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಆಕೆ ಯಮಕನಮರಡಿಯ ಹತ್ತಿರ ರಸ್ತೆ ಬದಿಯಿಂದ ಒಂದು ತಂಗಡಿ ಸಸಿ ತಂದಳು. ಪುಸ್ತಕದಲ್ಲಿ ಇದಕ್ಕೆ ಆವರಿಕೆ ಎನ್ನುತ್ತಾರೆ. ನೀರು ಕೇಳದ, ಗೊಬ್ಬರ ಕೇಳದ, ಬಿಸಿಲಿಗೆ ಹೆದರದ ಗಿಡ. ದನ ಕೂಡ ಬಾಯಿ ಹಾಕುವುದಿಲ್ಲ. ಬಯಲಲ್ಲಿ ಬೇಕಾದಷ್ಟು ಬೆಳೆಯುವುದನ್ನು ಅಂಗಡಿ ಬಾಗಿಲ ಪಕ್ಕದ ಗೋಡೆಯ ಬುಡಕ್ಕೆ ನೆಟ್ಟಳಲ್ಲ ಎಂದು ನಾನು ನಕ್ಕಿದ್ದೆ. ಮುಂದಿನ ವರ್ಷ ಅದು ಗೊಂಚಲು ಗೊಂಚಲು ಹಳದಿ ಹೂ ಬಿಟ್ಟಾಗ ದುಂಬಿಗಳ ಗುಂಯ್‌ಗುಡುವಿಕೆಯಲ್ಲಿ ಗಿರಾಕಿಯ ಮಾತು ಕೇಳದಂತಾಯಿತು. ಆಗ ಮಾತ್ರ ನಗು ನಿಂತಿತು.

ಶಾಂತಾ ಹುಕ್ಕೇರಿಯ ತವರಿಗೆ ನಾಲ್ಕು ದಿನ ಹೊರಟಾಗ ಗಿಡದಲ್ಲಿ ಇಪ್ಪತ್ತು ಹಸಿರು ಹುಳಗಳಿದ್ದವು. ಎಣಿಸಿಯೇ ಹೋದಳು. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾಲ್ಕು ಜನ ಕೇಳುವಂತೆ ಹೇಳಿದಳು: "ಹುಳ ಎಲಿ ತಿಂದ್ರ ತಿನ್ಲಿ. ಹುಳ ಉಳದ್ರನ ಪಾತರಗಿತ್ತಿ ಆಗೂದು. ಈ ಸಲ ಎಣ್ಣಿ ಹೊಡದ್ರಂದ್ರ ನಾ ಹುಕ್ಕೇರಿಯಿಂದ ವಾಪಸ್ ಬರಂಗಿಲ್ಲ, ಖರೇನ ಹೇಳಾಕತ್ತೇನಿ."

ನಮ್ಮ ಕಡೆ ಗೋವಿನಜೋಳ ಎನ್ನುವ ಮೆಕ್ಕೆಜೋಳಕ್ಕೆ ಹುಳ ಬಿದ್ದ ಹಂಗಾಮು. ಗಿರಾಕಿಗಳ ಗದ್ದಲದಲ್ಲಿ ಎರಡು ದಿನ ನಾನು ಗಿಡದ ಕಡೆ ನೋಡಲೇ ಇಲ್ಲ. ಮೂರನೆಯ ದಿನ ಸಂಜೆ ಮೂಡಲಗಿ ಕಡೆಯ ರೈತ ಬಸಪ್ಪ ಕಾಕಾ ಬಂದವನು ತಂಗಡಿಯ ಮುಂದೆ ನಿಂತುಬಿಟ್ಟ. ಎಲೆಗಳೆಲ್ಲ ಜರಡಿಯಾಗಿದ್ದವು.

"ಏನ್ರಿ ಸಾಹುಕಾರ್ರ, ನಿಮ್ಮ ಬಾಗಲ ಮುಂದಿನ ಗಿಡಾನ ಹಿಂಗ ಹುಳ ತಿಂದೈತಿ. ನಿಮ್ಮ ಎಣ್ಣಿ ನಮ್ಮ ಹೊಲದಾಗ ನಡೀತೈತೇನ್ರಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಮೈ ಉರಿಯುತ್ತಿತ್ತು. ಮರುದಿನ ಮುಂಜಾನೆ ಎದ್ದವನೇ ಅಂಗಡಿಯಿಂದ ಸೀಲು ಒಡೆಯದ ಸಣ್ಣ ಎಣ್ಣಿ ಬಾಟಲಿಯೊಂದನ್ನು ಅಂಗಿಯ ಕಿಸೆಗೆ ಇಳಿಸಿಕೊಂಡು ಗಿಡದ ಹತ್ತಿರ ಹೋದೆ. ಎಷ್ಟು ಕಲಸಬೇಕೆಂದು ನೋಡಲು ಕೊಂಬೆ ಸರಿಸಿದರೆ, ಒಂದೂ ಹುಳವಿಲ್ಲ! ಎಲೆಯ ಹಿಂದೆ ನೋಡಿದೆ, ಬುಡದಲ್ಲಿ ನೋಡಿದೆ, ಮೊಣಕಾಲೂರಿ ನೆಲದಲ್ಲಿ ನೋಡಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಮಾಯ.

ಶಾಂತಾ ಬರುವುದು ಅವತ್ತೇ ಮಧ್ಯಾಹ್ನ. ತಾವಾಗಿಯೇ ಹೋದವು ಎಂದರೆ ಯಾರು ನಂಬುತ್ತಾರೆ? ನಾನೇ ನನ್ನನ್ನು ನಂಬುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಬಸಪ್ಪ ಕಾಕಾನಿಗೆ ಫೋನು ಹಚ್ಚಿದೆ.

"ಕಾಕಾ, ನಿಮ್ಮ ಹೊಲದಾಗ ಹುಳ ಅದಾವೇನ್ರಿ?"

"ಅದಾವ್ರಿ. ಈಗ ಎಣ್ಣಿ ಹೊಡ್ಯಾಕ ನಿಂತೇನಿ."

"ತಡೀರಿ, ಹೊಡೀಬ್ಯಾಡ್ರಿ! ನನಗ ಇಪ್ಪತ್ತು ಹುಳ ಬೇಕಾಗ್ಯಾವು. ಹಸರ ಬಣ್ಣದ್ದು ಆದ್ರ ಚಲೋ."

ಕಾಕಾ ಬಹಳ ಮೆತ್ತಗಿನ ದನಿಯಲ್ಲಿ ಕೇಳಿದ: "ಸಾಹುಕಾರ್ರ, ಮನ್ಯಾಗ ಅಕ್ಕಾರು ಇಲ್ಲೇನ್ರಿ? ಯಾರನರ ಕಳಸ್ಲೇನು?"

ಫೋನು ಇಟ್ಟೆ. ಗೋವಿನಜೋಳದ ಹುಳ ತಂದಿಟ್ಟಿದ್ದರೂ ಶಾಂತಾ ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು ಬಿಡಿ.

ಮಧ್ಯಾಹ್ನ ಆಟೋ ಬಂದು ನಿಂತಿತು. ಶಾಂತಾ ಚೀಲ ಕೆಳಗಿಡದೆ ನೇರ ಗಿಡದ ಹತ್ತಿರ ಹೋದಳು.

"ಹುಳ ಎಲ್ಲಿ ಹೋದುವ್ರಿ?"

"ತಾವ ಹೋದುವು."

"ತಾವ ಹೋದುವಾ?"

ಒಂದು ಎಲೆ ಕಿತ್ತು ಮೂಸಿದಳು. ಇನ್ನೊಂದು ಮೂಸಿದಳು. ಅಲ್ಲೇ ಗೋಡೆಯ ಗೂಟಕ್ಕೆ ಎಣ್ಣಿ ಹೊಡೆಯಲು ನಾನು ಬೆನ್ನಿಗೆ ಕಟ್ಟಿಕೊಳ್ಳುವ ಹಳೆಯ ಪಂಪು ತೂಗುಬಿದ್ದಿತ್ತು. ಅದನ್ನೂ ಮೂಸಲು ಹೋದಳು. ಚೀಲ ಇನ್ನೂ ಆಕೆಯ ಕೈಯಲ್ಲೇ ಇತ್ತು, ಆಟೋದವನೂ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರ ಒಂದು ಪಂಪಿನ ಮೂತಿಯ ಮುಂದೆ ಬಂದು ನಿಂತಿತ್ತು.

ಪಂಪಿನತ್ತ ಚಾಚಿದ ಆಕೆಯ ಕೈ ಅರ್ಧಕ್ಕೇ ನಿಂತಿತು.

"ಇಲ್ಲಿ ಬರ್ರಿ."

ಪಂಪಿನ ಪಟ್ಟಿಗೂ ಗೋಡೆಗೂ ನಡುವೆ ಸಣ್ಣ ನೂಲು ಬಿಗಿದುಕೊಂಡು ಒಂದು ಹಸಿರು ಗೂಡು ಅಂಟಿಕೊಂಡಿತ್ತು. ಪಂಪನ್ನು ಬೆರಳಷ್ಟು ಸರಿಸಿದ್ದರೂ ಆ ನೂಲು ಹರಿಯುತ್ತಿತ್ತು. ಆಮೇಲೆ ಹುಡುಕಿದರೆ ಕಿಟಕಿಯ ಸಂದಿಯಲ್ಲಿ, ಅಂಗಡಿಯ ಬೋರ್ಡಿನ ಕೆಳಗೆ, ಇನ್ನೂ ಏಳೆಂಟು ಸಿಕ್ಕವು. ಹೊಟ್ಟೆ ತುಂಬಿದ ಹುಳಗಳು ಗೂಡು ಕಟ್ಟಲು ಜಾಗ ಹುಡುಕಿಕೊಂಡು ಹೋಗಿದ್ದವು, ಅಷ್ಟೇ.

ಶಾಂತಾಳ ಕಣ್ಣು ಒದ್ದೆಯಾದವು. "ಪಂಪು ಮುಟ್ಟೇ ಇಲ್ಲ ನೀವು. ಜನ ನಕ್ಕಿರಬೇಕು, ಆದ್ರೂ ತಡಕೊಂಡೀರಿ. ಸುಮ್ನ ಸಂಶೇ ಪಟ್ಟೆ, ನಂದ ತಪ್ಪಾತು."

ಇಪ್ಪತ್ತೆರಡು ವರ್ಷದಲ್ಲಿ ಆಕೆ ತಪ್ಪಾಯಿತು ಎಂದದ್ದು ಇದೇ ಮೊದಲು. ಹುಳಗಳು ಗಿಡ ಬಿಟ್ಟ ಮೇಲೆ ನನಗೆ ಸಿಟ್ಟು ಬಂದದ್ದಕ್ಕೆ ಇಷ್ಟು ದೊಡ್ಡ ಮರ್ಯಾದೆ! ನಾನು ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡ" ಎಂದೆ. ಎದೆ ಉಬ್ಬಿಸಿಕೊಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಕೇಳದೆಯೇ ಚಹಾ ಬಂತು.

ಕಪ್ಪು ಕೊಟ್ಟವಳು ನನ್ನ ಭುಜ ಮುಟ್ಟಿ ಬಹಳ ಅಕ್ಕರೆಯಿಂದ ಹೇಳಿದಳು: "ಅಂಗಿ ಎಷ್ಟ್ ಹೊಲಸಾಗೈತಿ ನೋಡ್ರಿ. ಬಿಚ್ಚಿ ಕೊಡ್ರಿ, ಒಗದ ಹಾಕ್ತೇನಿ."

ಆಗ ನನಗೆ ಕಿಸೆಯಲ್ಲಿದ್ದ ಬಾಟಲಿಯ ನೆನಪಾಯಿತು.

"ಬ್ಯಾಡ, ಇನ್ನೂ ಎರಡ ದಿನ ನಡೀತೈತಿ" ಎಂದು, ಎದೆಯ ಮೇಲೆ ಕೈ ಇಟ್ಟುಕೊಂಡೇ ಚಹಾ ಕುಡಿದೆ.