ಕ್ಲೋಸಪ್ ಸಿಗದ ಹಾಸ್ಯನಟ

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಮಾತೇ ಆಡದ ನನಗೆ ಮಾತ್ರ ವಾರಕ್ಕೊಂದು ಫಜೀತಿ. ನಮ್ಮ ಕನ್ನಡ ಕೂಟದ ಗೆಳೆಯನೊಬ್ಬ ವೀಕೆಂಡ್‌ಗಳಲ್ಲಿ ಮೂಕಿ ಸಿನಿಮಾ ತೆಗೆಯುತ್ತಾನೆ. ಈ ಪರದೇಶದಲ್ಲಿ ಹುಟ್ಟಿದ ಮಕ್ಕಳ ಕನ್ನಡ ಅಜ್ಜಿಯರಿಗೆ ತಿಳಿಯೋದಿಲ್ಲ, ಅಜ್ಜಿಯರದ್ದು ಮಕ್ಕಳಿಗೆ. ಯಾರಾದರೂ ಬಿದ್ದರೆ ಇಬ್ಬರಿಗೂ ತಿಳಿಯುತ್ತದೆ. ಬೀಳುವವನು ನಾನು. ಮೈಸೂರಲ್ಲಿ ಅಕ್ಕನ ಜೊತೆಗಿರುವ ಅಮ್ಮನಿಗೆ ಒಮ್ಮೆ ಪರದೆಯ ಮೇಲೆ ನನ್ನ ಮುಖ ನೋಡುವ ಆಸೆ. ಮುಂದೆ ಹೇಳೋದರಲ್ಲಿ ಮುಕ್ಕಾಲು ನಿಜ. ಸುಳ್ಳಿನ ಕಾಲುಭಾಗ ಯಾವುದೋ, ನನಗೂ ಮರೆತಿದೆ.

೧

ಮೊದಲ ಸಿನಿಮಾದಲ್ಲಿ ನಾಯಕಿ ನನ್ನ ತಲೆಗೆ ಇಡ್ಲಿ ಹಿಟ್ಟು ಸುರಿದಳು. ಮುಖ ಒರೆಸಿಕೊಂಡು ಕ್ಲೋಸಪ್ ಕೇಳಿದೆ. "ಬೀಳೋದಕ್ಕೆ ಮುಖ ಬೇಕಾಗಲ್ಲ ಗುರು," ಅಂದ ನಿರ್ದೇಶಕ.

ಅಮ್ಮ ನೋಡಿ ಫೋನ್ ಮಾಡಿದಳು. "ನೀನು ಕಾಣಲಿಲ್ಲ ಕಣೋ. ಆದ್ರೆ ಅಲ್ಲಿನ ಚಳೀಲೂ ಹಿಟ್ಟು ಚೆನ್ನಾಗಿ ಹುದುಗಿತ್ತು."

೨

ಎರಡನೆಯದು ಪಕ್ಕದೂರು ಐಸೆಲಿನ್‌ನ ಸೀರೆ ಅಂಗಡಿಯಲ್ಲಿ. ನಾಯಕನಿಂದ ತಪ್ಪಿಸಿಕೊಂಡು, ಸೀರೆಯುಟ್ಟು, ಸೆರಗು ಮುಖಕ್ಕೆಳೆದು ಬೊಂಬೆಯಂತೆ ನಿಂತಿದ್ದೆ. ಶೂಟಿಂಗ್ ಅಂತ ತಿಳಿಯದ ಆಂಟಿಯೊಬ್ಬರು ಸೆರಗು ಉಜ್ಜಿ, ಒಗೆದರೆ ಬಣ್ಣ ಹೋಗುತ್ತಾ ಅಂತ ತಮ್ಮಷ್ಟಕ್ಕೇ ಗೊಣಗಿದರು. ಸುಮ್ಮನಿರಲಾಗದೆ ಇಲ್ಲವೆಂದು ತಲೆಯಾಡಿಸಿದೆ. ಹೆದರುತ್ತಾರೆ ಅಂದುಕೊಂಡಿದ್ದೆ. ಅವರು ಅಂಗಡಿಯವನತ್ತ ತಿರುಗಿ, "ಇದನ್ನೇ ಕೊಡಿ. ಬೊಂಬೆ ಹಿಂಗೆ ದಪ್ಪ ಇದ್ರೇನೇ ನಮಗೆ ಅಂದಾಜು ಸಿಗೋದು," ಅಂದರು.

೩

ಮೂರನೆಯದು ಹಿಲ್ಸ್‌ಬರೋದ ನಮ್ಮನೆ ಡ್ರೈವ್‌ವೇಯಲ್ಲಿ. ನಾಯಕ ಲಟ್ಟಣಿಗೆ ಹಿಡಿದು ಅಟ್ಟಿಸಿಕೊಂಡು ಬಂದ, ನಾನು ಹಿಮದಲ್ಲಿ ಬಿದ್ದೆ. ಎದುರುಮನೆಯವರು ಗಾಬರಿಯಾಗಿ ಪೊಲೀಸರನ್ನು ಕರೆದರು. ಬಂದ ಪೊಲೀಸ್ ಏನಾಯಿತೆಂದು ನನ್ನನ್ನೇ ಕೇಳಿದ. ಕ್ಯಾಮೆರಾ ಓಡ್ತಿದೆ, ಬಾಯಿ ಬಿಡಬೇಡ ಅಂತ ನಿರ್ದೇಶಕ ಹಿಂದಿನಿಂದ ಪಿಸುಗುಟ್ಟಿದ. ಸರಿ, ಅಟ್ಟಿಸಿಕೊಂಡು ಬಂದದ್ದು, ಬಿದ್ದದ್ದು, ಅಟ್ಟಿಸಿದವನು ನನ್ನ ಜೀವದ ಗೆಳೆಯ ಅನ್ನೋದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಪೊಲೀಸ್ ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಆತ ಹೋದಮೇಲೆ ನೋಡಿದರೆ, ಪೊಲೀಸ್ ಬಂದ ಗಾಬರಿಯಲ್ಲಿ ನಿರ್ದೇಶಕ ಕ್ಯಾಮೆರಾ ಮತ್ತೆ ಆನ್ ಮಾಡೋದನ್ನೇ ಮರೆತಿದ್ದ. ಜೀವಮಾನದ ನಟನೆ ಹಿಮದಲ್ಲಿ ಕರಗಿತು ಅಂತ ಕೂತವನಿಗೆ ಪೊಲೀಸನ ಎದೆ ಮೇಲೆ ಎಲ್ಲವನ್ನೂ ಸೆರೆಹಿಡಿಯುವ ಕ್ಯಾಮೆರಾ ಇದ್ದದ್ದು ನೆನಪಾಯಿತು. ಆ ವಿಡಿಯೋ ಕೊಡಿ ಅಂತ ಠಾಣೆಗೆ ಅರ್ಜಿ ಹಾಕಿದೆ. ಕೆಲವು ವಾರಗಳಾದ ಮೇಲೆ ವಿಡಿಯೋ ಬಂತು. ಪರದೆ ತುಂಬ ನನ್ನ ಮುಖ!

ಅದನ್ನೇ ಸಿನಿಮಾಗೆ ಸೇರಿಸಿದೆವು. ಅಮ್ಮ ವಿಡಿಯೋ ಕಾಲ್‌ನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು:

"ಈಗ ಕಂಡೆ ಕಣೋ. ಮುಂದಿನ ಸಿನಿಮಾನೂ ಆ ಪೊಲೀಸ್ನೋರ ಕೈಲೇ ತೆಗೆಸು."