ಒಗೆಯದ ಶಾಲು

ಮನೆ ಹಗುರ ಮಾಡುತ್ತೇನೆಂದು ಹೊರಟವನು ಮೊದಲು ಎತ್ತುವುದು ಇನ್ನೊಬ್ಬರ ಸಾಮಾನನ್ನೇ. ಇದು ನಿಮಗೂ ಗೊತ್ತು. ಗೊತ್ತಿಲ್ಲದವರಂತೆ ಮುಖ ಮಾಡಬೇಡಿ.

ಲಾಂಡ್ರಿ ಅಂಗಡಿಯ ಯಜಮಾನರಿಗೆ ಒಂದು ಭಾನುವಾರ ಜ್ಞಾನೋದಯವಾಯಿತು: ವರ್ಷಗಟ್ಟಲೆ ಬಳಸದ ವಸ್ತುವಿಗೆ ಈ ಮನೆಯಲ್ಲಿ ಜಾಗವಿಲ್ಲ! (ಅವರದೇ ಮೂರು ಕೆಟ್ಟ ಇಸ್ತ್ರಿಪೆಟ್ಟಿಗೆಗಳಿಗೆ ಈ ರಾಜಾಜ್ಞೆ ಅನ್ವಯಿಸಲಿಲ್ಲ. ಅವು ರಿಪೇರಿಯಲ್ಲಿದ್ದವು, ಹನ್ನೊಂದು ವರ್ಷಗಳಿಂದ.)

"ನನ್ನ ಕಪಾಟಿಗೆ ಮಾತ್ರ ಕೈ ಹಾಕ್ಬೇಡಿ," ಎಂದಳು ಹೆಂಡತಿ, ಎರಡು ದಿನಕ್ಕೆ ತಂಗಿಯ ಮನೆಗೆ ಹೊರಡುತ್ತ.

"ಆಯ್ತು ತಾಯಿ, ಹೋಗಿ ಬಾ."

ಅವಳು ಬೀದಿ ದಾಟುವ ಮೊದಲೇ ಕೈ ಕಪಾಟಿನೊಳಗಿತ್ತು. ತಳದಲ್ಲಿ, ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲದೊಳಗೆ ಯಜಮಾನರ ಅತ್ತೆಯ ಉಣ್ಣೆಯ ಶಾಲು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಬಿಚ್ಚಿದರೆ ಮುಲಾಮಿನ ಘಾಟು, ಅಂಚಿನಲ್ಲಿ ಎಣ್ಣೆಕಲೆ. ಬೇರೆಯವರಾಗಿದ್ದರೆ ಹಾಗೆಯೇ ದಾನದ ಮೂಟೆಗೆ ತುರುಕುತ್ತಿದ್ದರು. ಇವರೋ, ಮೂವತ್ತು ವರ್ಷ ಊರ ಕೊಳೆಯೊಂದಿಗೆ ಸಮರ ನಡೆಸಿದ ವೀರಾಗ್ರಣಿಗಳು. ಕಲೆಯಿರುವ ಬಟ್ಟೆ ತಮ್ಮ ಮನೆಯಿಂದ ಹೊರಬಿದ್ದರೆ ಮಾನ ಉಳಿಯುವುದುಂಟೆ? ನೆನೆಹಾಕಿದರು, ಮೆಲ್ಲಗೆ ಉಜ್ಜಿದರು, ನೆರಳಲ್ಲಿ ಒಣಗಿಸಿದರು, ಹಬೆ ಕೊಟ್ಟು ಮಡಚಿದರು.

ಹೆಂಡತಿ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಎದುರಿಗೆ ಹಿಡಿದರು. "ನೋಡು, ಹೊಸದರ ಹಾಗಿದೆ! ಯಾರಿಗೆ ಕೊಟ್ರೂ ಕಣ್ಣಿಗೊತ್ಕೋತಾರೆ."

ಅವಳು ಶಾಲನ್ನು ಮುಖಕ್ಕೆ ಒತ್ತಿಕೊಂಡಳು. ಮಡಿಕೆ ಬಿಚ್ಚಿ ಇನ್ನೊಂದು ಕಡೆ ಮೂಸಿದಳು. ಮತ್ತೊಂದು ಕಡೆ.

"ಒಗೆದ್ರಾ?"

"ಮತ್ತೆ? ಆ ಮುಲಾಮು ವಾಸನೆ ಇತ್ತಲ್ಲ, ಎರಡು ಸಲ ನೆನೆಹಾಕಿದ್ಮೇಲೇ ಹೋಗಿದ್ದು. ಬೇರೆಯವ್ರ ಕೈಲಾಗ್ತಿರ್ಲಿಲ್ಲ ಬಿಡು."

"ಅದು ಅಮ್ಮನ ವಾಸನೆ ಕಣ್ರೀ. ಗಂಟು ಬಿಚ್ಚಿದ್ರೆ ಖರ್ಚಾಗಿ ಹೋಗುತ್ತೆ ಅಂತ ಎರಡು ವರ್ಷದಲ್ಲಿ ಎರಡೇ ಸಲ ಬಿಚ್ಚಿದ್ದೆ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. (ಬೈದಿದ್ದರೆ ಎಷ್ಟೋ ಸುಖವಿತ್ತು.) ಶಾಲನ್ನು ಅದೇ ಮಡಿಕೆಗೆ ಮಡಚಿ ಅವರ ಕೈಗಿಟ್ಟಳು.

"ಕೊಟ್ಬಿಡಿ ಯಾರಿಗಾದ್ರೂ. ಈಗ ಇದ್ರಲ್ಲಿ ನಿಮ್ಮ ಅಂಗಡಿ ಸೋಪು ಬಿಟ್ರೆ ಇನ್ನೇನಿಲ್ಲ."

ಅವರಿಂದ ಕೊಡಲಾಗಲಿಲ್ಲ. ಮೂಟೆಗೆ ಹಾಕಿದರು, ತೆಗೆದರು. ಮತ್ತೆ ಹಾಕಿದರು, ಮತ್ತೆ ತೆಗೆದರು. ಕೊನೆಗೆ ಔಷಧಿ ಅಂಗಡಿಗೆ ಓಡಿ, ಅತ್ತೆ ಹಚ್ಚುತ್ತಿದ್ದ ಅದೇ ಮುಲಾಮಿನ ಡಬ್ಬಿ ತಂದು, ಶಾಲಿನ ಅಂಚಿಗೆ ಕಳ್ಳನಂತೆ ಸವರಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ತಮ್ಮ ಕೈಯಾರೆ ಬಟ್ಟೆಗೆ ಕಲೆ ಮಾಡಿ, ಮೂಸಿ ನೋಡಿದರು. ಮುಲಾಮಿನ ವಾಸನೆ ಬಂತು. ಅತ್ತೆ ಬರಲಿಲ್ಲ.

ನೀವು, ಮನೆಯವರ ಕಪಾಟಿನ ಮುಂದೆ ಮೂಟೆ ಹಿಡಿದು ನಿಂತಿದ್ದೀರಲ್ಲ, ಆ ಕೈ ಕೆಳಗಿಳಿಸಿ. ಅವರು ಬರುವವರೆಗೆ ಕಾಯಿರಿ. ಬಂದ ಮೇಲೆ, ಬಾಯಿಬಿಟ್ಟು ಕೇಳಿ.